ಹೆರಿಗೆ ಕೋಣೆಯಿಂದ ಅವ್ವನನ್ನು ಹೊರಗಿಡಬೇಡಿ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕುಬುಸ ಮಾಡಿ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುತ್ತೇವೆ. ಹೆರುವಾಗ ಅವ್ವ ಹತ್ತಿರವಿರಲಿ ಎಂಬ ಆಸೆ. ಆದರೆ ಆಸ್ಪತ್ರೆಯಲ್ಲಿ ಆ ಅವ್ವನಿಗೇ ‘ಹೊರಗ ಕುಂಡ್ರಬೇ’ ಎನ್ನುತ್ತಾರೆ. ನನ್ನ ಮಗಳ ಹೆರಿಗೆಯಲ್ಲೂ ಹಾಗೇ ಆಯಿತು. ಒಳಗೆ ಅವಳ ಕೂಗು ಕೇಳುತ್ತಿತ್ತು, ಏನು ನಡೆದಿದೆ ಎಂದು ಯಾರೂ ಹೇಳಲಿಲ್ಲ. ಕೆಳಗೆ ಕೊಯ್ದು ಹೊಲಿಗೆ ಹಾಕಿದ್ದು ಅವಳಿಗೇ ತಿಳಿದದ್ದು ಆಮೇಲೆ.

ಅವ್ವನನ್ನು ಹೊರಗಿಡುವುದೇ ನಿಯಮ ಎಂದು ಬಹಳ ಜನ ನಂಬಿದ್ದಾರೆ. ಅಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬ ಹೆಣ್ಣುಮಗಳು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. ಹೆರಿಗೆ ಕೋಣೆಗಳನ್ನು ಸುಧಾರಿಸುವ 2017ರ ‘ಲಕ್ಷ್ಯ’ ಕಾರ್ಯಕ್ರಮವೂ ಅದನ್ನೇ ಕೇಳುತ್ತದೆ. ಎಲ್ಲರಿಗೂ ಮಾಮೂಲಿಯಾಗಿ ಕೊಯ್ಯಬಾರದು, ನೋವಿನ ಹೊತ್ತಿನಲ್ಲಿ ಅಡ್ಡಾಡಲು ಬಿಡಬೇಕು, ಹೊಟ್ಟೆ ಅದುಮಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ.

ಜನ ಸೇರಿದರೆ ಗದ್ದಲ, ಪಕ್ಕದ ಮಂಚದವಳ ಮಾನದ ಗತಿಯೇನು ಎಂದು ಸಿಬ್ಬಂದಿ ಕೇಳುತ್ತಾರೆ. ಪ್ರಶ್ನೆ ಸರಿ, ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ನಡುವೆ ಪರದೆ ಹಾಕಿಸಬಹುದು. ರಾತ್ರಿ ಪಾಳಿಯ ನರ್ಸಮ್ಮಂದಿರ ಕಷ್ಟ ನಮಗೂ ಕಾಣುತ್ತದೆ. ಬೆನ್ನು ನೀವಲು, ನೀರು ಕುಡಿಸಲು, ರಕ್ತ ಹೆಚ್ಚು ಹೋದರೆ ಓಡಿ ಬಂದು ಹೇಳಲು ಒಬ್ಬರಿದ್ದರೆ ಅವರಿಗೂ ಆಸರೆಯೇ. ಕಬ್ಬು ಕಡಿಯಲು ದೂರದಿಂದ ಬಂದ ಬಸುರಿಗಂತೂ ತವರು ಇಲ್ಲಿಲ್ಲ. ಗ್ಯಾಂಗಿನ ಒಬ್ಬಾಕೆಯೋ ಆಶಾ ಕಾರ್ಯಕರ್ತೆಯೋ, ಆಕೆ ಯಾರನ್ನು ಕರೆಯುತ್ತಾಳೋ ಅವರನ್ನು ಒಳಗೆ ಬಿಡಿ.

ಹೆರುವವಳಿಗೆ ತಿಳಿಸದೆ ಏನೂ ಮಾಡಬಾರದೆಂಬ ಮಾತು ಸಿಜೇರಿಯನ್ನಿಗೂ ಸಲ್ಲುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಸಿಜೇರಿಯನ್ ಹೆರಿಗೆ 2015–16ರಲ್ಲಿ ಶೇ 23.6 ಇದ್ದದ್ದು 2019–21ಕ್ಕೆ ಶೇ 31.5ಕ್ಕೆ ಏರಿದೆ, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಕಾದಾಗ ಅದು ಎರಡು ಜೀವ ಉಳಿಸುತ್ತದೆ, ಅದಕ್ಕೆ ನನ್ನ ವಿರೋಧವಿಲ್ಲ. ಏಕೆ ಬೇಕೆಂದು ಬಸುರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಕಾರಣವನ್ನು ತಾಯಿ ಕಾರ್ಡಿನಲ್ಲಿ ಬರೆಯಿರಿ. ಅವಸರದಲ್ಲಿ ಗಂಡನ ಸಹಿ ಹಾಕಿಸಿಕೊಂಡರೆ ಆಕೆ ಒಪ್ಪಿದಂತಾಗದು.

2016ರ ಸೂಚನೆಯನ್ನು ನಾಲ್ಕೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯ ಹೊರಗೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಸುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ. ತಿಂಗಳ ಸಭೆಯಲ್ಲಿ ಎಷ್ಟು ಹೆರಿಗೆಯಾಯಿತು ಎಂದು ಲೆಕ್ಕ ಕೇಳುವಾಗ, ಎಷ್ಟು ಜನರ ಜೊತೆ ತಮ್ಮವರಿದ್ದರು ಎಂದೂ ಅವರು ಕೇಳಲಿ.

– ಒಬ್ಬ ತಾಯಿ, ಬನಹಟ್ಟಿ