ಕೃಪೆಗೆ ದರಪಟ್ಟಿ ಇಲ್ಲ

ಪವಿತ್ರತೆ, ಆಶೀರ್ವಾದ ಎರಡೂ ದೇವರು ಕೊಡುವ ದಾನ ಎಂದು ಕ್ರೈಸ್ತರಾದ ನಾವೆಲ್ಲ ಒಪ್ಪುತ್ತೇವೆ. ಆದರೆ ಸಂಶೋಧನೆಗಾಗಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸುತ್ತುವಾಗ ನಾನು ಕೇಳುವ ಎಷ್ಟೋ ಬೋಧನೆಗಳಲ್ಲಿ ಈ ದಾನ ಕೂಲಿಯಾಗಿಬಿಟ್ಟಿದೆ. ಇಷ್ಟು ಕಾಣಿಕೆ, ಇಷ್ಟು ಉಪವಾಸ. ಪ್ರತಿಯಾಗಿ ಬೆಳೆ, ಮನೆ, ಮಗನಿಗೆ ನೌಕರಿ. ಇದು ಸುವಾರ್ತೆಯಲ್ಲ, ವ್ಯಾಪಾರ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೇ ಕ್ರೈಸ್ತರಿದ್ದಾರೆ. ಇಷ್ಟು ಹಳೆಯ ನಂಬಿಕೆಗೆ ಈ ಲೆಕ್ಕದ ಪುಸ್ತಕ ಯಾಕೆ ಬೇಕು?

ಬೆಳೆಯೇ ಆಶೀರ್ವಾದದ ಅಳತೆಯಾದರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸಿಂಧನೂರಿನ ರೈತ ದೇವರಿಗೆ ಹತ್ತಿರ. ಮಳೆ ನಂಬಿ ತೊಗರಿ ಬಿತ್ತುವ ಲಿಂಗಸುಗೂರಿನವನು ದೂರ. ಅದೇ ಕಾಲುವೆಯ ಕೆಳಭಾಗದ ಮಾನ್ವಿ, ರಾಯಚೂರಿನ ರೈತರು ನೀರು ತಲುಪದೆ ಬೀದಿಗಿಳಿದಾಗ ಕಡಿಮೆಯಾದದ್ದು ಅವರ ವಿಶ್ವಾಸವೇ? 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ತುಂಡಾದದ್ದು ಸರಪಳಿ, ಯಾರ ಭಕ್ತಿಯೂ ಅಲ್ಲ. ದೇವರ ಮಳೆ ನೀತಿವಂತರು, ಅನೀತಿವಂತರು ಎಂದು ನೋಡಿ ಸುರಿಯುವುದಿಲ್ಲವೆಂದು ಯೇಸುವೇ ಹೇಳಿದ ಮೇಲೆ ಈ ಲೆಕ್ಕ ನಿಲ್ಲುವುದೆಲ್ಲಿ?

ಬಡವರು ಬೆಳೆಗಾಗಿ, ಆರೋಗ್ಯಕ್ಕಾಗಿ ಬೇಡುವುದು ತಪ್ಪಲ್ಲ. ಮಗು ಗುಣವಾಗದ ತಾಯಿಗೆ ‘ನಿನ್ನ ವಿಶ್ವಾಸ ಸಾಲದು’ ಎನ್ನುವುದು ಕ್ರೌರ್ಯ. ದೇವರ ವರವನ್ನು ದುಡ್ಡಿಗೆ ಕೊಳ್ಳಲು ಬಂದ ಸಿಮೋನನನ್ನು ಪೇತ್ರನು ಗದರಿಸಿ ಕಳಿಸಿದ. ಈಗ ಕೊಳ್ಳುವವರನ್ನು ಕೂಗಿ ಕರೆಯುತ್ತಿರುವುದು ವೇದಿಕೆಯ ಮೇಲಿನವರೇ.

ಪವಿತ್ರತೆಯನ್ನಂತೂ ನಾವು ಮಡಿ ಮಾಡಿಕೊಂಡಿದ್ದೇವೆ. ಪೌಲನು ಪವಿತ್ರರೆಂದು ಕರೆದದ್ದು ಯಾರನ್ನು? ಗುಂಪುಗಾರಿಕೆ ಮಾಡುತ್ತಿದ್ದ, ತಮ್ಮತಮ್ಮಲ್ಲೇ ವ್ಯಾಜ್ಯ ಹೂಡುತ್ತಿದ್ದ, ಪ್ರಭುಭೋಜನದಲ್ಲೂ ಬಡವರನ್ನು ಹಸಿದಿರಲು ಬಿಟ್ಟ ಕೊರಿಂಥದವರನ್ನು. ಹೆಸರು ಮೊದಲು ಸಿಕ್ಕಿತು; ಅದಕ್ಕೆ ತಕ್ಕಂತೆ ಬಾಳಿರೆಂಬ ತಿದ್ದುಪಡಿ ಆಮೇಲೆ ಬಂತು. ಪುಕ್ಕಟೆ ಪಡೆದದ್ದರಲ್ಲಿ ಮೇಲುಕೀಳಿಗೆ ಜಾಗವಿಲ್ಲ. ಒಂದೇ ರೊಟ್ಟಿ ಮುರಿದು ತಿಂದು, ಮದುವೆ ಸಂಬಂಧದ ಮಾತು ಬಂದಾಗ ಜಾತಿ ಕೇಳುವವರು ಯಾವ ಪವಿತ್ರತೆಯ ಬಗ್ಗೆ ಬೋಧಿಸುತ್ತಾರೆ?

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ, ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂದು ಸಾರಿದ್ದಾನೆ. ಅವನಿಗೆ ಅದು ಧರ್ಮನಿಷ್ಠೆಯಿಂದ ಗಳಿಸುವಂಥದ್ದು. ನಮಗೆ ಕೃಪೆಯಿಂದ ಬರುವಂಥದ್ದು. ಗಳಿಕೆಯನ್ನು ನಂಬಿದ ಅರಸನೇ ಬಾಗಿಲನ್ನು ಅಷ್ಟು ಅಗಲ ತೆರೆದಿಟ್ಟಿರುವಾಗ, ಕೃಪೆಯನ್ನು ನಂಬುವ ನಾವು ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವುದೇ?