ಮಿತವ್ಯಯದ ಹೊಣೆ ಯಾರದು?

ಉರುವಲನ್ನೂ ವಿದ್ಯುಚ್ಛಕ್ತಿಯನ್ನೂ ಮಿತವಾಗಿ ಬಳಸಿರೆಂಬ ಉಪದೇಶವು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಗೃಹಿಣಿಯರ ಕಡೆಗೇ ತಿರುಗುತ್ತದೆ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂತಹ ಊರುಗಳ ಹೆಂಗಸರಿಗೆ ಈ ಉಪದೇಶವು ಅನಾವಶ್ಯಕ. ಕಾಳನ್ನು ಮೊದಲೇ ನೆನೆಯಿಡುವುದು, ಪಾತ್ರೆಗೆ ಮುಚ್ಚಳವಿಡುವುದು, ಅಡಿಗೆ ಮುಗಿದೊಡನೆ ಕೊಳ್ಳಿಯನ್ನು ಹೊರಗೆಳೆದು ಉಳಿದ ಕೆಂಡದ ಮೇಲೆ ಹಾಲು ಕಾಯಿಸುವುದು—ಇವೆಲ್ಲ ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಗಂಡಸರ ಮಿತವ್ಯಯವಾದರೋ ಬಹುಮಟ್ಟಿಗೆ ಬಿಲ್ಲು ಬಂದ ದಿನ ಹುಟ್ಟಿ ಮರುದಿನವೇ ಅಳಿಯುವಂಥದು.

ಆದರೆ ಉಪಕರಣಗಳನ್ನು ಕೊಳ್ಳುವ ಅಧಿಕಾರವು ಯಾರ ಕೈಯಲ್ಲಿದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಒಲೆಯನ್ನು ರೂಪಿಸಿತು. ಅಂತಹ ಒಲೆಗೆ ಹಣ ಕೊಡಬೇಕಾದವನು ಹೊಗೆಯಲ್ಲಿ ಕುಳಿತವನಲ್ಲ. ಆದುದರಿಂದಲೇ ಹಳೆಯ ಒಲೆಗಳು ಬಹುಕಾಲ ಉಳಿದುವು.

ಸರ್ಕಾರದವರೂ ಈ ಮಿತವ್ಯಯವನ್ನು ಮನ್ನಿಸಿದಂತೆ ಕಾಣುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು 200 ಯೂನಿಟ್ಟುಗಳ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿ ಉಚಿತ ವಿದ್ಯುತ್ತಿನ ಪಾಲನ್ನು ಗೊತ್ತುಪಡಿಸಿತು. ಬಡವರಿಗೆ ಇದರಿಂದ ಉಪಕಾರವಾಯಿತೆಂಬುದು ನಿಜ. ಆದರೆ ಮಿತವಾಗಿ ಬಳಸಿದ ಮನೆಗೆ ಕಡಮೆ ಪಾಲು, ಧಾರಾಳವಾಗಿ ಬಳಸಿದ ಮನೆಗೆ ಹೆಚ್ಚು ಪಾಲು! ಇದೆಲ್ಲಿಯ ನ್ಯಾಯ?

ಉಳಿಸಿದ ಯೂನಿಟ್ಟಿಗೂ ಬಹುಮಾನವಿರಲೆಂದು ನಾವು ಸರ್ಕಾರವನ್ನು ಒತ್ತಾಯಪಡಿಸುತ್ತೇವೆ. ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಒಲೆ, ದೀಪ, ಪಂಖಗಳನ್ನು ಕೊಳ್ಳುವಾಗ ಮನೆಯಾಕೆಯ ಮಾತು ಮೊದಲು ನಡೆಯಲಿ, ದೀಪವಾರಿಸುವ ಕೆಲಸವನ್ನು ಗಂಡುಮಕ್ಕಳೂ ಕಲಿಯಲಿ.