ಹಿತ್ತಲ ವಿಚಾರ: ಎಕ್ಕದ ಗಿಡ

ರಥಸಪ್ತಮಿಯ ಸ್ನಾನಕ್ಕೆ ಏಳು ಎಕ್ಕದೆಲೆಗಳು ಬೇಕು: ತಲೆಗೊಂದು, ಭುಜಗಳಿಗೆರಡು, ಮಂಡಿಗಳಿಗೆರಡು, ಪಾದಗಳಿಗೆರಡು. ವರ್ಷವೆಲ್ಲ ಎಕ್ಕವನ್ನು ಕಳೆಯೆಂದು ಕಡೆಗಣಿಸಿದ ನಾವೇ ಹಿಂದಿನ ಸಂಜೆ ಚೀಲ ಹಿಡಿದು ಅದನ್ನು ಹುಡುಕಿಕೊಂಡು ಹೊರಡುತ್ತೇವೆ. ಬನಶಂಕರಿಯಮ್ಮನ ಗುಡಿಯ ಸುತ್ತಣ ಬಡಾವಣೆಗಳಲ್ಲಿ ಮನೆ ಕಟ್ಟದೆ ಬಿಟ್ಟ ನಿವೇಶನಗಳು ಕಡಮೆಯಾದಂತೆಲ್ಲ ಈ ಹುಡುಕಾಟವೂ ದೀರ್ಘವಾಗುತ್ತಿದೆ. ಹಿತ್ತಿಲಿನಲ್ಲಿ ನಾಲ್ಕಡಿ ಬಿಸಿಲ ನೆಲವುಳ್ಳ ಗೃಹಸ್ಥರು ಒಂದು ಗಿಡವನ್ನು ತಾವೇ ಬೆಳೆಸಿಕೊಳ್ಳುವುದು ಉಚಿತವೆಂದು ನಮ್ಮ ಅಭಿಪ್ರಾಯ.

ಬೀದಿಯ ಬದಿಯ ಗಿಡವನ್ನು ಕಿತ್ತು ತಂದು ನೆಡುವವರುಂಟು. ಅದು ಬದುಕುವುದು ಅಪರೂಪ. ಆಳಿಗಿಂತ ಎತ್ತರವಾಗಬಲ್ಲ ಈ ಗಿಡದ ತಾಯಿಬೇರು ನೇರವಾಗಿ ಆಳಕ್ಕಿಳಿದಿರುತ್ತದೆ. ಗುದ್ದಲಿಗೆ ಸಿಕ್ಕುವುದು ಅದರ ಮೇಲುಭಾಗ ಮಾತ್ರ. ಕುಂಡವೂ ಅದಕ್ಕೆ ಇಕ್ಕಟ್ಟೇ. ಕಾಯಿ ಒಡೆದಾಗ ರೇಷ್ಮೆಯಂಥ ಎಳೆಗಳೊಡನೆ ಹಾರುವ ಬೀಜವನ್ನು ಕೂಡಿಟ್ಟು, ಮುಂಗಾರಿನ ಮೊದಲಿಗೆ ನೆಲದಲ್ಲಿಯೇ ಬಿತ್ತುವುದು ಮೇಲು. ಬಿಳಿಯ ಎಕ್ಕವೇ ಬೇಕೆನ್ನುವವರು ಆ ಗಿಡದ ಬಲಿತ ಕಡ್ಡಿಯನ್ನು ತಂದು, ಕೊಯ್ದ ಕಡೆ ಹಾಲು ಆರಿದ ಮೇಲೆ ನೆಡಬೇಕು. ಬೀಜವನ್ನು ನಂಬಿದರೆ ಬಣ್ಣಕ್ಕೆ ಭರವಸೆಯಿಲ್ಲ.

ದಿನವಿಡೀ ಬಿಸಿಲು, ನೀರು ನಿಲ್ಲದ ನೆಲ, ಇಷ್ಟೇ ಅದರ ಬೇಡಿಕೆ. ಮೊದಲ ಬೇಸಗೆ ಕಳೆದ ಮೇಲೆ ನೀರೆರೆಯಬೇಕಾಗಿಲ್ಲ. ಗೊಬ್ಬರವಂತೂ ಬೇಡವೇ ಬೇಡ. ಅಕ್ಕರೆಯಿಂದ ದಿನವೂ ಬಿಂದಿಗೆ ಬಿಂದಿಗೆ ಸುರಿದರೆ ಬೇರು ಕೊಳೆತೀತು. ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು ಕಂಡರೆ ಹೊಸಕಬೇಡಿರಿ. ಅವು ಕಿತ್ತಳೆ ಬಣ್ಣದ ಚಿಟ್ಟೆಯ ಮರಿಗಳು. ಎಕ್ಕದ ವಿಷವನ್ನೇ ತಿಂದು ಮೈಗೂಡಿಸಿಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ತಿಂದ ಎಲೆಗಳು ಮತ್ತೆ ಬಂದಾವು.

ಬಿಳಿಯ ಎಕ್ಕದ ಬೇರಿನ ಗಣಪತಿಗಾಗಿ ಗಿಡವನ್ನೇ ಅಗೆಯುವುದು ಮಾತ್ರ ನಮಗೆ ಸರಿಬೀಳದು. ಕಾಂಡವನ್ನು ಕಡಿದರೆ ಎಕ್ಕ ಮತ್ತೆ ಚಿಗುರುವುದು. ಬೇರು ಹೋದರೆ ಚಿಗುರುವುದೆಲ್ಲಿಂದ? ಜೀವಂತ ಗಿಡದ ಹೂವಿನಿಂದಲೇ ವಿನಾಯಕನನ್ನು ಅರ್ಚಿಸಬಹುದಷ್ಟೆ.

ಇನ್ನು ಹಾಲಿನ ಮಾತು. ಎಲೆ ಕಿತ್ತೊಡನೆ ಒಸರುವ ಈ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿ ಮಸುಕಾಗುವುದು. ಅದು ನೋವನ್ನು ಮರೆಸುವುದರಿಂದ ಉಪೇಕ್ಷಿಸುವವರೇ ಹೆಚ್ಚು. ನೋವಿರಲಿ ಬಿಡಲಿ, ಧಾರಾಳವಾಗಿ ಶುದ್ಧ ನೀರಿನಿಂದ ತೊಳೆದು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಗಿಡವನ್ನು ಮಕ್ಕಳಾಡುವ ಎಡೆಯಿಂದ ದೂರದಲ್ಲಿ ನೆಡಿರಿ. ಹಬ್ಬಕ್ಕೆ ಎಲೆಗಳನ್ನು ಹಿರಿಯರೇ ಹಿಂದಿನ ದಿನ ಬಿಡಿಸಿ, ತೊಟ್ಟಿನ ಹಾಲನ್ನು ಚೆನ್ನಾಗಿ ತೊಳೆದು, ಬಳಿಕ ಮಕ್ಕಳ ತಲೆಯ ಮೇಲಿಡಲಿ.